ಇಸ್ತ್ರಿಪೆಟ್ಟಿಗೆ ಕಟ್ಟಡದ ಮುಂದೆ ಅಮ್ಮ ನಿಂತುಬಿಟ್ಟರು

ಹಡ್ಸನ್ ದಂಡೆ

ನ್ಯೂಯಾರ್ಕಿನ ಫ್ಲಾಟ್‌ಐರನ್ (ಅಂದರೆ ಇಸ್ತ್ರಿಪೆಟ್ಟಿಗೆ) ಕಟ್ಟಡ ಕಚೇರಿಗಳ ಕಾಲ ಮುಗಿಸಿ ವಾಸದ ಮನೆಗಳಾಗಿ ಬದಲಾಗುತ್ತಿದೆ ಎಂದು ಓದಿದಾಗಿನಿಂದ ಒಂದು ಹಳೆಯ ಪ್ರಸಂಗ ಮನಸ್ಸಿನಿಂದ ಹೋಗುತ್ತಿಲ್ಲ. ಈ ವೇದಿಕೆಯಲ್ಲಿ ಕಟ್ಟಡ ಕಟ್ಟುವವರೂ ಇದ್ದೀರಿ, ಊರು ಸುತ್ತುವವರೂ ಇದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2016ರಲ್ಲಿ ಅಮ್ಮ ಹಾಸನದಿಂದ ಜರ್ಸಿ ಸಿಟಿಯ ನಮ್ಮ ಮನೆಗೆ ಬಂದಿದ್ದರು. ಒಂದು ಭಾನುವಾರ ನದಿ ದಾಟಿ ಮ್ಯಾನ್‌ಹಟನ್‌ಗೆ ಕರೆದುಕೊಂಡು ಹೋದೆ. ಎಂಪೈರ್ ಸ್ಟೇಟ್ ಕಟ್ಟಡವನ್ನು ತಲೆಯೆತ್ತಿ ನೋಡಿ, "ಎತ್ತರ ಇದೆ" ಎಂದು ಮುಂದೆ ನಡೆದರು. ಗಾಜಿನ ಗೋಪುರಗಳ ಕಡೆಗೆ ತಿರುಗಿಯೂ ನೋಡಲಿಲ್ಲ. ಫಿಫ್ತ್ ಅವೆನ್ಯೂದಲ್ಲಿ ದಕ್ಷಿಣಕ್ಕೆ ನಡೆಯುತ್ತಾ 23ನೇ ಬೀದಿಯ ಹತ್ತಿರ ಬಂದೆವು. ಎದುರಿಗೆ ಫ್ಲಾಟ್‌ಐರನ್. ಎಡಗಡೆ ಬ್ರಾಡ್‌ವೇ, ಬಲಗಡೆ ಫಿಫ್ತ್ ಅವೆನ್ಯೂ, ಎರಡರ ನಡುವಿನ ಸಂದಿಯಿಂದ ನಮ್ಮ ಕಡೆಗೇ ಹೊರಟು ಬರುತ್ತಿರುವ ಹಾಗೆ ನಿಂತಿರುವ ಚೂಪು ಕಟ್ಟಡ. ಅದರ ಮುಂತುದಿ ಎರಡು ಮೀಟರ್ ಅಗಲವೂ ಇರಲಾರದು.

ಅಮ್ಮ ನಿಂತರು. ಹತ್ತು ನಿಮಿಷ ಕದಲಲಿಲ್ಲ. ಕಾಲು ನೋಯುತ್ತಿದೆಯೇ ಎಂದು ಕೇಳಿದೆ. "ಇಲ್ಲಪ್ಪ. ಇದಕ್ಕೊಂದು ಮುಖ ಇದೆ" ಎಂದರು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಆಮೇಲೆ ಅರ್ಧ ದಿನ ಬೇರೆ ಯಾವುದನ್ನೂ ಅವರು ಮನಸ್ಸಿಟ್ಟು ನೋಡಲಿಲ್ಲ.

ಆ ಊರಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡಗಳು ನೂರಾರಿವೆ, ದುಬಾರಿಯವೂ ಇವೆ. ಎಲ್ಲವನ್ನೂ ಬಿಟ್ಟು ಈ ಆಕಾರ ಜನರನ್ನು ಹೀಗೆ ಹಿಡಿದು ನಿಲ್ಲಿಸುವುದು ಏಕೆ? ಕಟ್ಟಡದ ಎದುರಿನ ಜಾಗದಲ್ಲಿ ಯಾವತ್ತು ಹೋದರೂ ಹತ್ತಾರು ಮಂದಿ ಸುಮ್ಮನೆ ನಿಂತು ನೋಡುತ್ತಿರುವುದನ್ನು ಕಂಡಿದ್ದೇನೆ. ನಿಮಗೂ ಇಂಥ ಕಟ್ಟಡಗಳು ಸಿಕ್ಕಿದ್ದರೆ ಬರೆಯಿರಿ.

ಮೂಲೆಮಟ್ಟ

ತುಮಕೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮನೆ ಕಟ್ಟಿಸುವ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಗೆ ನಿವೇಶನದ ಕಡೆಯಿಂದ ಉತ್ತರ ಹೇಳುತ್ತೇನೆ.

ಆ ಆಕಾರವನ್ನು ಯಾರೂ ಕನಸಿನಲ್ಲಿ ಕಂಡು ಬರೆದದ್ದಲ್ಲ. 1811ರಲ್ಲಿ ಮ್ಯಾನ್‌ಹಟನ್‌ಗೆ ಚೌಕಳಿ ಚೌಕಳಿಯಾಗಿ ಬೀದಿಗಳ ನಕ್ಷೆ ಹಾಕಿದರು. ಉದ್ದಕ್ಕೆ ಅವೆನ್ಯೂಗಳು, ಅಡ್ಡಕ್ಕೆ ಬೀದಿಗಳು. ಆದರೆ ಬ್ರಾಡ್‌ವೇ ಅದಕ್ಕಿಂತ ಬಹಳ ಹಳೆಯದು. ಅಲ್ಲಿನ ಮೂಲನಿವಾಸಿ ಲೆನಾಪೆ ಜನ ನಡೆದು ಸವೆಸಿದ ಕಾಲುದಾರಿ ಅದು. ನೆಲದ ಏರಿಳಿತ ನೋಡಿಕೊಂಡು ಓರೆಯಾಗಿ ಹೋಗುತ್ತಿತ್ತು. ನಕ್ಷೆ ಬಂದ ಮೇಲೂ ದಾರಿ ಅಳಿಯಲಿಲ್ಲ. ಓರೆ ದಾರಿ ನೇರ ಅವೆನ್ಯೂವನ್ನು ಕತ್ತರಿಸಿದ ಕಡೆಯಲ್ಲೆಲ್ಲ ತ್ರಿಕೋನದ ತುಂಡು ನೆಲ ಉಳಿಯಿತು. ಟೈಮ್ಸ್ ಸ್ಕ್ವೇರ್, ಹೆರಾಲ್ಡ್ ಸ್ಕ್ವೇರ್ ಕೂಡ ಹೀಗೆ ಹುಟ್ಟಿದ ಜಾಗಗಳೇ. ಫ್ಲಾಟ್‌ಐರನ್ ನಿಂತಿರುವುದು ಅಂಥ ಒಂದು ತುಂಡಿನ ಮೇಲೆ. ಮುಂತುದಿಯ ಕೋನ ಸುಮಾರು 25 ಡಿಗ್ರಿ.

ಅಂದರೆ ನಿಮ್ಮ ತಾಯಿಯವರು ನಿಂತು ನೋಡಿದ್ದು ಒಂದು ಕಾಲುದಾರಿಯ ಗುರುತನ್ನು. ನನಗೆ ಈ ಸಂಗತಿ ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮಲ್ಲಿ ತ್ರಿಕೋನದ ನಿವೇಶನ ಎಂದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಮುಂದೆ ಕಿರಿದು ಹಿಂದೆ ಅಗಲವಿರುವ ಗೋಮುಖವಾದರೆ ಮನೆಗೆ ಒಳ್ಳೆಯದು, ಮುಂದೆ ಅಗಲ ಹಿಂದೆ ಕಿರಿದಾದ ವ್ಯಾಘ್ರಮುಖವಾದರೆ ಅಂಗಡಿಗೆ ಒಳ್ಳೆಯದು, ಈಶಾನ್ಯ ಬೆಳೆದಿರಬೇಕು, ನೈಋತ್ಯ ಬೆಳೆದಿರಬಾರದು ಎಂಬ ಲೆಕ್ಕಗಳಿವೆ. ಮೂರೇ ಮೂಲೆಯ ಜಾಗಕ್ಕೆ ಯಾವ ಲೆಕ್ಕವೂ ಕೂಡುವುದಿಲ್ಲ. ಈಗಲೂ ನನ್ನ ಕೈಯಲ್ಲಿ ಅಂಥದೊಂದು ಜಾಗವಿದೆ. ಎರಡು ರಸ್ತೆ ಕೂಡುವ ಕಡೆ ಚೂಪಾಗಿರುವ 900 ಚದರ ಅಡಿ. ಮಾಲೀಕರು ಮುಂದಿನ ಚೂಪು ಭಾಗವನ್ನು ಗೋಡೆ ಹಾಕಿ ಹೊರಗೆ ಬಿಟ್ಟು, ಒಳಗೆ ಚೌಕ ಮಾಡಿಕೊಡಿ ಎನ್ನುತ್ತಿದ್ದಾರೆ. ಆ ಚೂಪಿನಲ್ಲಿ ಕಸ ಬಿಟ್ಟರೆ ಬೇರೇನೂ ಬೀಳುವುದಿಲ್ಲ ಎಂದು ನನಗೆ ಗೊತ್ತಿದೆ. ಅವರಿಗೆ ಹೇಗೆ ಹೇಳಲಿ ಎಂದು ಒಂದು ತಿಂಗಳಿನಿಂದ ಯೋಚಿಸುತ್ತಿದ್ದೇನೆ.

ಇಸ್ತ್ರಿಗಾಡಿ

ಈ ಕಟ್ಟಡಕ್ಕೆ ಇಸ್ತ್ರಿಪೆಟ್ಟಿಗೆಯ ಹೆಸರು ಎಂದು ತಿಳಿದು ನನಗೆ ಮಾತನಾಡಲೇಬೇಕು ಅನ್ನಿಸಿತು. ದಾವಣಗೆರೆಯಲ್ಲಿ ನಮ್ಮ ತಂದೆ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುತ್ತಿದ್ದರು. ಇದ್ದಿಲು ತುಂಬುವ ಹಿತ್ತಾಳೆಯ ಪೆಟ್ಟಿಗೆ. ಅದನ್ನು ಎತ್ತಿದರೆ ಕೈ ಸೋಲುವಷ್ಟು ಭಾರ.

ಅದರ ಮೂತಿ ಏಕೆ ಚೂಪು ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಅಪ್ಪ ಒಂದು ಅಂಗಿ ತೆಗೆದು ತೋರಿಸಿದರು. ಗುಂಡಿಗಳ ಸಂದಿಗೆ, ಕಾಲರಿನ ತುದಿಗೆ, ತೋಳಿನ ನೆರಿಗೆಯ ಬುಡಕ್ಕೆ ಹೋಗುವುದು ಮೂತಿ. ಅಗಲ ಬಟ್ಟೆಯನ್ನು ಯಾವ ಚಪ್ಪಟೆ ಕಬ್ಬಿಣದಿಂದ ಬೇಕಾದರೂ ತಿಕ್ಕಬಹುದು. ಕೆಲಸ ಗೊತ್ತಾಗುವುದು ಮೂತಿ ಹೋಗುವ ಜಾಗದಲ್ಲಿ ಎನ್ನುತ್ತಿದ್ದರು.

ಈ ಕಟ್ಟಡದ ಚಿತ್ರ ನೋಡಿದರೆ ಎರಡು ರಸ್ತೆಗಳ ನೆರಿಗೆಯೊಳಗೆ ಅದು ಹಾಗೆಯೇ ಮೂತಿ ಇಟ್ಟಿದೆ. ಹೆಸರಿಟ್ಟವರು ಯಾರು?

ಹಡ್ಸನ್ ದಂಡೆ

ಇಸ್ತ್ರಿಗಾಡಿಯವರೇ, ಹೆಸರು ಊರಿನ ಜನರದು. ಕಟ್ಟಡ ಏಳುವುದಕ್ಕೆ ಮೊದಲೇ ಆ ತ್ರಿಕೋನದ ನೆಲವನ್ನು ಜನ ಇಸ್ತ್ರಿಪೆಟ್ಟಿಗೆ ಎಂದು ಕರೆಯುತ್ತಿದ್ದರು. ಕಟ್ಟಿಸಿದ ಕಂಪನಿ ತನ್ನ ಸ್ಥಾಪಕ ಜಾರ್ಜ್ ಫುಲ್ಲರ್ ಹೆಸರಿನಲ್ಲಿ ಫುಲ್ಲರ್ ಬಿಲ್ಡಿಂಗ್ ಎಂದು ನಾಮಕರಣ ಮಾಡಿತು. ಆ ಹೆಸರು ನಿಲ್ಲಲಿಲ್ಲ. ಜನರ ಬಾಯಲ್ಲಿದ್ದ ಹೆಸರೇ ಕೊನೆಗೆ ದಾಖಲೆಗೂ ಬಂತು. ಈಗ ಸುತ್ತಲಿನ ಇಡೀ ಪ್ರದೇಶಕ್ಕೆ ಫ್ಲಾಟ್‌ಐರನ್ ಎಂದೇ ಹೆಸರು.

ನಿಮ್ಮ ತಂದೆಯವರ ಮಾತನ್ನು ಬರೆದಿಟ್ಟುಕೊಂಡಿದ್ದೇನೆ.

ನೇರಮಾತು

ಎಲ್ಲರೂ ಹೊರಗೆ ನಿಂತು ಮಾತನಾಡುತ್ತಿದ್ದೀರಿ. ಒಳಗೆ ಕುಳಿತವರ ಕಷ್ಟವನ್ನೂ ಯಾರಾದರೂ ಹೇಳಬೇಕು.

ಅದು ಬಾಡಿಗೆಗಾಗಿ ಕಟ್ಟಿದ ಕಚೇರಿ. ತುಂಡು ನೆಲದಿಂದ ಎಷ್ಟು ಸಾಧ್ಯವೋ ಅಷ್ಟು ಬಾಡಿಗೆ ಎತ್ತುವುದು ಉದ್ದೇಶ. ಆದ್ದರಿಂದ ನಾಲ್ಕು ಅಡಿಯನ್ನೂ ಬಿಡದೆ ನಿವೇಶನದ ಅಂಚಿನ ತನಕ ಗೋಡೆ ಎಬ್ಬಿಸಿದರು. ವಾಸ್ತುಶಿಲ್ಪಿ ಷಿಕಾಗೊದ ಡೇನಿಯಲ್ ಬರ್ನ್‌ಹ್ಯಾಮ್ ಚೂಪು ತುದಿಯನ್ನು ಕೆಳಗಿನವರೆಗೂ ಹಾಗೇ ಬಿಡಬೇಕೆಂದಿದ್ದರು. ಮಾಲೀಕರು ಅಲ್ಲಿಯೂ ಒಂದು ಗಾಜು ಮತ್ತು ಕಬ್ಬಿಣದ ಅಂಗಡಿಯನ್ನು ಅಂಟಿಸಿದರು, ಅದರಲ್ಲಿ ಸಿಗಾರ್ ಮಾರುವವರು ಬಂದರು. ಮೊದಲು ಕಟ್ಟಿದಾಗ ಹೆಂಗಸರಿಗೆ ಶೌಚಾಲಯವನ್ನೇ ಇಟ್ಟಿರಲಿಲ್ಲ. ಆಮೇಲೆ ಒಂದು ಮಹಡಿ ಗಂಡಸರಿಗೆ, ಇನ್ನೊಂದು ಹೆಂಗಸರಿಗೆ ಎಂದು ಹಂಚಿದರು. ನೀರಿನ ಒತ್ತಡದಿಂದ ನಡೆಯುತ್ತಿದ್ದ ಲಿಫ್ಟುಗಳು ನಿಧಾನವಾಗಿದ್ದವು. 1905ರಲ್ಲಿ ಮೇಲೆ ಸೇರಿಸಿದ ಮಹಡಿಗೆ ಹೋಗಲು 20ನೇ ಮಹಡಿಯಲ್ಲಿ ಇಳಿದು ಬೇರೆ ಲಿಫ್ಟ್ ಹತ್ತಬೇಕಾಗಿತ್ತು. ಅಲ್ಲಿನ ಕಿಟಕಿಗಳು ಎದೆಮಟ್ಟಕ್ಕೆ ಇವೆ, ಕುಳಿತವರಿಗೆ ಹೊರಗೆ ಏನೂ ಕಾಣದು.

ಚೂಪು ಮೂಲೆಯಲ್ಲಿ ಮೇಜು ಹಿಡಿಯುವುದಿಲ್ಲ, ಬೀರು ಹಿಡಿಯುವುದಿಲ್ಲ. ನಾನು ಬಾಡಿಗೆ ಮನೆಗಳಲ್ಲಿ ಬೆಳೆದವನು. ಓರೆ ಗೋಡೆಯ ಕೋಣೆಯಲ್ಲಿ ಮಂಚ ಹಾಕಲು ಅಪ್ಪ ಪಟ್ಟ ಪಾಡು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮನೆ, ಕಚೇರಿ ಇರುವುದು ಒಳಗಿನವರಿಗೆ. ಬೀದಿಯಲ್ಲಿ ಹೋಗುವವರು ಹತ್ತು ನಿಮಿಷ ನಿಂತು ನೋಡಲಿ ಎಂದು ಯಾರಾದರೂ ಮೂವತ್ತು ವರ್ಷ ಓರೆ ಕೋಣೆಯಲ್ಲಿ ಕೂರಬೇಕೆ?

ಪುಟವಿನ್ಯಾಸ

ನೇರಮಾತು ಅವರೇ, ನಾನು ಆ ಕಟ್ಟಡದ ಒಳಗೆ ಹೋಗಿದ್ದೇನೆ. 2014ರಲ್ಲಿ ಮ್ಯಾಕ್‌ಮಿಲನ್ ಪ್ರಕಾಶನದ ಕಚೇರಿಗಳು ಅಲ್ಲಿದ್ದವು, 2019ರಲ್ಲಿ ಅವರು ಬಿಟ್ಟುಹೋದರು. ಪುಸ್ತಕದ ಹೊದಿಕೆಯೊಂದರ ಕೆಲಸಕ್ಕಾಗಿ ಕರೆದಿದ್ದರು.

ನೀವು ಹೇಳಿದ್ದು ನಿಜ. ನಡುವಿನ ಓಣಿಗಳು ಸಣ್ಣವು, ಎಲ್ಲಿ ತಿರುಗಿದರೂ ದಿಕ್ಕು ತಪ್ಪುತ್ತದೆ. ಆದರೆ ತುದಿಯ ಕೋಣೆಗೆ ಕರೆದುಕೊಂಡು ಹೋದರು. ಮೂರು ಕಡೆಯೂ ಕಿಟಕಿ. ಎದುರಿಗೆ ಉತ್ತರಕ್ಕೆ ಎಂಪೈರ್ ಸ್ಟೇಟ್ ಕಟ್ಟಡ, ಕೆಳಗೆ ಎರಡು ಬೀದಿಗಳೂ ನಿಮ್ಮ ಕಾಲಿನ ಹತ್ತಿರ ಬಂದು ಸೇರುತ್ತವೆ. ಆ ಕೋಣೆಯಲ್ಲಿ ಬೀರು ಇರಲಿಲ್ಲ, ಒಂದು ಸಣ್ಣ ಮೇಜು ಮತ್ತು ಎರಡು ಕುರ್ಚಿ. ಅಷ್ಟೇ ಹಿಡಿಯುತ್ತಿತ್ತು. ಅಲ್ಲಿನವರು ಅದು ಸಿಗಲೆಂದು ವರ್ಷಗಟ್ಟಲೆ ಕಾಯುತ್ತಾರೆ ಎಂದು ನನ್ನನ್ನು ಕರೆದೊಯ್ದವರು ಹೇಳಿದರು. ಮೂಲೆ ಸಣ್ಣದಾದಷ್ಟೂ ಊರು ದೊಡ್ಡದಾಗಿ ಕಾಣುತ್ತಿತ್ತು. ಚೌಕ ಕೋಣೆಯಲ್ಲಿ ನನಗೆ ಆ ಅನುಭವ ಆದದ್ದಿಲ್ಲ.

ಹೊರಗಿನದನ್ನೂ ಹೇಳಬೇಕು. ಕೆಳಗಿನ ಮಹಡಿಗಳು ಸುಣ್ಣಕಲ್ಲು, ಮೇಲಿನದು ಹೊಳಪು ಕೊಟ್ಟ ಸುಟ್ಟ ಮಣ್ಣಿನ ಬಿಲ್ಲೆಗಳು. ಹತ್ತಿರ ಹೋಗಿ ನೋಡಿದರೆ ಹೂವು, ಮುಖ, ಬಳ್ಳಿ ಎಲ್ಲ ಮೂಡಿವೆ. ಬುಡ, ಕಾಂಡ, ಬೋದಿಗೆ ಎಂದು ನಮ್ಮ ದೇವಾಲಯದ ಕಂಬಕ್ಕೆ ಹೇಳುತ್ತೇವಲ್ಲ, ಗ್ರೀಕ್ ಕಂಬದ ಅದೇ ಮೂರು ಭಾಗಗಳ ಕ್ರಮದಲ್ಲಿ ಇಡೀ ಕಟ್ಟಡವಿದೆ. ಆಕಾರ ಎಷ್ಟು ವಿಚಿತ್ರವೋ ಹೊದಿಕೆ ಅಷ್ಟು ಸಂಪ್ರದಾಯದ್ದು. ಅದೇ ಚೂಪು ಆಕಾರ ಬೋಳು ಗಾಜಿನಲ್ಲಿದ್ದಿದ್ದರೆ ಯಾರೂ ಹತ್ತು ನಿಮಿಷ ನಿಲ್ಲುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಡಗಿನ ಮಳೆ

ಇದು ಜಗತ್ತಿನ ಮೊದಲ ಗಗನಚುಂಬಿ ಕಟ್ಟಡ ಅಲ್ಲವೇ? ಆ ಕಾಲದಲ್ಲಿ ಅತಿ ಎತ್ತರದ್ದೂ ಇದೇ ಎಂದು ಎಲ್ಲೋ ಓದಿದ್ದೇನೆ. ಗಾಳಿಗೆ ಬೀಳುತ್ತದೆ ಎಂದು ಜನ ಹೆದರಿದ್ದರಂತೆ.

ಮೂಲೆಮಟ್ಟ

ಎರಡೂ ಅಲ್ಲ. 1902ರಲ್ಲಿ ಇದು ಮುಗಿಯುವ ಹೊತ್ತಿಗೆ ಅದೇ ಊರಿನಲ್ಲಿ 1899ರ ಪಾರ್ಕ್ ರೋ ಕಟ್ಟಡವಿತ್ತು, ಎತ್ತರ 391 ಅಡಿ. ಫ್ಲಾಟ್‌ಐರನ್ 285 ಅಡಿ, 20 ಮಹಡಿ. ಉಕ್ಕಿನ ಹಂದರದ ಕಟ್ಟಡಗಳು ಷಿಕಾಗೊದಲ್ಲಿ ಅದಕ್ಕೂ ಮೊದಲೇ ಬಂದಿದ್ದವು.

ಗಾಳಿಯ ಹೆದರಿಕೆ ಮಾತ್ರ ನಿಜ. ಬರ್ನ್‌ಹ್ಯಾಮರ ಹುಚ್ಚು ಎಂದು ಪತ್ರಿಕೆಗಳಲ್ಲಿ ಹೆಸರಿಟ್ಟಿದ್ದರು. ಕಲ್ಲು ಇಟ್ಟಿಗೆಯ ಗೋಡೆಯೇ ಭಾರ ಹೊರುವ ಕಾಲವಾಗಿದ್ದರೆ ಆ ಹೆದರಿಕೆಯೂ ಸರಿ. 20 ಮಹಡಿ ಹೊರಬೇಕಾದರೆ ಕೆಳಗಿನ ಗೋಡೆ ಎಷ್ಟು ದಪ್ಪ ಇರಬೇಕಾಗುತ್ತಿತ್ತು ಎಂದರೆ ಚೂಪು ತುದಿಯಲ್ಲಿ ಗೋಡೆ ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ. 1892ರಲ್ಲಿ ನ್ಯೂಯಾರ್ಕಿನ ಕಟ್ಟಡ ನಿಯಮ ಬದಲಾಗಿ ಉಕ್ಕಿನ ಹಂದರಕ್ಕೆ ದಾರಿಯಾಯಿತು. ಹಂದರ ಭಾರ ಹೊರುತ್ತದೆ, ಗೋಡೆ ಬರೀ ಹೊದಿಕೆ. ಎಂಜಿನಿಯರ್ ಕೋರಿಡನ್ ಪರ್ಡಿ ಅಲ್ಲಿ ಬೀಸಬಹುದಾದ ಅತಿ ಬಿರುಸಿನ ಗಾಳಿಯ ನಾಲ್ಕು ಪಟ್ಟು ತಡೆಯುವಂತೆ ಲೆಕ್ಕ ಹಾಕಿದ್ದರು. ಉಕ್ಕಿನ ತುಂಡುಗಳನ್ನು ಕಾರ್ಖಾನೆಯಲ್ಲೇ ಅಳತೆಗೆ ಕತ್ತರಿಸಿ ತಂದದ್ದರಿಂದ ವಾರಕ್ಕೊಂದು ಮಹಡಿಯಂತೆ ಹಂದರ ಎದ್ದಿತು. ಇವತ್ತು ಯಂತ್ರಗಳೆಲ್ಲ ಇದ್ದೂ ನಾವು ಒಂದು ಸೂರು ಹಾಕಿದ ಮೇಲೆ ಮುಂದಿನದಕ್ಕೆ ಮೂರು ವಾರ ಕಾಯುತ್ತೇವೆ.

ಬೀಳುವ ಹೆದರಿಕೆ ಹೋಯಿತು, ಗಾಳಿ ಉಳಿಯಿತು. ಬುಡದಲ್ಲಿ ಬೀಸುವ ಗಾಳಿಗೆ ಕೊಡೆ, ಟೋಪಿ, ಲಂಗ ಹಾರುತ್ತಿದ್ದವು. ಅದನ್ನು ನೋಡಲು ನಿಲ್ಲುತ್ತಿದ್ದ ಗಂಡಸರನ್ನು ಪೊಲೀಸರು ಅಟ್ಟಬೇಕಾಗುತ್ತಿತ್ತು.

ನೇರಮಾತು ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕಟ್ಟುವವರ ಕಡೆಯಿಂದ ಒಂದೇ ಮಾತು: ಮೂಲೆ ಓರೆಯಾಗಿದ್ದಾಗ ಮಂಚ ಹಿಡಿಯದ ಕೋಣೆ ಮಾಡುವವನು ಕೆಲಸ ಕಲಿಯದ ಮೇಸ್ತ್ರಿ. ತಪ್ಪು ನೆಲದ್ದಲ್ಲ. ಮೂರು ನಾಲ್ಕು ಐದು ಅಡಿ ಹಗ್ಗ ಎಳೆದು ನೇರ ಮೂಲೆ ತೆಗೆಯುವುದನ್ನು ಮೊದಲ ವಾರವೇ ಕಲಿಯುತ್ತೇವೆ. ಓರೆ ಮೂಲೆಯನ್ನು ಏನು ಮಾಡಬೇಕು ಎಂದು ಯಾರೂ ಕಲಿಸುವುದಿಲ್ಲ.

ಒಂಟಾರಿಯೊ ಸರೋವರ

ಟೊರೊಂಟೊದಿಂದ ನಮಸ್ಕಾರ. ಇಸ್ತ್ರಿಪೆಟ್ಟಿಗೆಯ ಮಾತು ಬಂದರೆ ನಮ್ಮೂರಿನದು ಹತ್ತು ವರ್ಷ ಹಿರಿಯದು ಎಂದು ಹೇಳದೆ ಇರಲಾರೆ. ಗುಡರ್‌ಹ್ಯಾಮ್ ಕಟ್ಟಡ, 1892. ಕೆಂಪು ಇಟ್ಟಿಗೆಯ ಐದೇ ಮಹಡಿ, ತುದಿಯಲ್ಲಿ ದುಂಡು ಗೋಪುರ, ಅದರ ಮೇಲೆ ಶಂಕುವಿನಂಥ ಹಸಿರು ತಾಮ್ರದ ಟೋಪಿ. ಮದ್ಯ ತಯಾರಿಕೆಯಲ್ಲಿ ಹಣ ಮಾಡಿದ ಜಾರ್ಜ್ ಗುಡರ್‌ಹ್ಯಾಮ್ ತಮ್ಮ ಕಚೇರಿಗೆಂದು ಕಟ್ಟಿಸಿದ್ದು.

ಮೂಲೆಮಟ್ಟ ಅವರು ಹೇಳಿದ ಕಾರಣವೇ ಇಲ್ಲೂ ಇದೆ. ಇಲ್ಲಿ ಕಾಲುದಾರಿಯ ಬದಲು ನೀರು. ಫ್ರಂಟ್ ಸ್ಟ್ರೀಟ್ ಒಂದು ಕಾಲದ ಸರೋವರದ ದಡವನ್ನು ಹಿಡಿದು ಓರೆಯಾಗಿ ಹೋಗುತ್ತದೆ, ವೆಲಿಂಗ್ಟನ್ ಸ್ಟ್ರೀಟ್ ಊರಿನ ನೇರ ನಕ್ಷೆಯನ್ನು ಹಿಡಿದಿದೆ. ಎರಡೂ ಕೂಡುವಲ್ಲಿ ತ್ರಿಕೋನ ಹುಟ್ಟಿತು. ಆಮೇಲೆ ಮಣ್ಣು ತುಂಬುತ್ತಾ ಹೋಗಿ ಸರೋವರ ದೂರ ಸರಿಯಿತು. ದಡ ಎಲ್ಲಿತ್ತು ಎಂದು ಯಾರಿಗಾದರೂ ತೋರಿಸಬೇಕಾದರೆ ನಾನು ಈ ಕಟ್ಟಡದ ಹತ್ತಿರ ಕರೆದೊಯ್ಯುತ್ತೇನೆ.

ಇದೇ ಜಾಗದಲ್ಲಿ ಮೊದಲು ಇನ್ನೊಂದು ತ್ರಿಕೋನ ಕಟ್ಟಡವಿತ್ತು. ಅದನ್ನು ಜನ ಶವಪೆಟ್ಟಿಗೆ ಎಂದು ಕರೆಯುತ್ತಿದ್ದರು. ಅದೇ ನೆಲ, ಅದೇ ಮೂರು ಮೂಲೆ. ಒಂದಕ್ಕೆ ಶವಪೆಟ್ಟಿಗೆಯ ಹೆಸರು ಬಂತು, ಇನ್ನೊಂದು ಊರಿನ ಅಂಚೆ ಕಾರ್ಡುಗಳಲ್ಲೆಲ್ಲ ಬಂತು. ತುಮಕೂರಿನ ಮಾಲೀಕರಿಗೆ ಇದನ್ನು ಹೇಳಿ ನೋಡಿ.

ಹಿಂಭಾಗದ ಗೋಡೆ ಉದ್ಯಾನದ ಕಡೆಗಿದೆ. 1980ರಲ್ಲಿ ಅದರ ಮೇಲೆ ಕಿಟಕಿಗಳ ಸಾಲಿನ ಚಿತ್ರ ಬರೆದರು. ಬಟ್ಟೆಯ ಮೇಲೆ ಬರೆದು ನೇತುಹಾಕಿದಂತೆ ಅಂಚುಗಳು ಮಡಚಿಕೊಂಡು ಹಾರುತ್ತಿರುವ ಹಾಗೆ ಕಾಣುತ್ತದೆ. ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ಆ ಬಟ್ಟೆಯನ್ನು ಎಳೆಯಲು ಓಡಿದ್ದಳು.

ಗಂಗಾತೀರದ ಬ್ಯಾಂಕು

ಕನ್ನಡಿಗ, ವರ್ಗಾವಣೆಯಾಗಿ ಪಾಟ್ನಾದಲ್ಲಿ ಮೂರು ವರ್ಷ ಇದ್ದೆ. ತ್ರಿಕೋನ ಬಿಟ್ಟು ಬೇರೆ ಆಕಾರಕ್ಕೆ ಬರುತ್ತೇನೆ: ಗೋಲ್‌ಘರ್. ರಾಗಿಯ ಕಣಜವನ್ನು ನೆನೆಸಿಕೊಳ್ಳಿ. ಅದನ್ನು 29 ಮೀಟರ್ ಎತ್ತರಕ್ಕೆ ಹಿಗ್ಗಿಸಿ ನಗರದ ನಡುವೆ ಕೂರಿಸಿ. ಒಳಗೆ ಒಂದು ಕಂಬವೂ ಇಲ್ಲ. ಗೋಡೆ ಬುಡದಲ್ಲಿ 3.6 ಮೀಟರ್ ದಪ್ಪ. ಹೊರಗೆ ಬಳ್ಳಿಯಂತೆ ಸುತ್ತಿಕೊಂಡು ಮೇಲೇರುವ ಮೆಟ್ಟಿಲುಗಳು, 145.

1770ರ ಭೀಕರ ಕ್ಷಾಮದಲ್ಲಿ ಬಂಗಾಳ ಬಿಹಾರದ ಜನ ಲಕ್ಷಗಟ್ಟಲೆ ಸತ್ತರು. ಆಮೇಲೆ ವಾರನ್ ಹೇಸ್ಟಿಂಗ್ಸ್ ಆಜ್ಞೆಯಂತೆ ಕ್ಯಾಪ್ಟನ್ ಜಾನ್ ಗಾರ್ಸ್ಟಿನ್ ಕಟ್ಟಿದ ಧಾನ್ಯದ ಉಗ್ರಾಣ ಇದು, 1786ರಲ್ಲಿ ಮುಗಿಯಿತು. ಆಳುಗಳು ಮೂಟೆ ಹೊತ್ತು ಒಂದು ಕಡೆಯ ಮೆಟ್ಟಿಲು ಹತ್ತಿ, ನೆತ್ತಿಯ ತೂತಿನಿಂದ ಕಾಳು ಸುರಿದು, ಇನ್ನೊಂದು ಕಡೆಯಿಂದ ಇಳಿಯಬೇಕು ಎಂಬುದು ಯೋಜನೆ. ಆದರೆ ಕೆಳಗಿನ ಬಾಗಿಲುಗಳು ಒಳಮುಖವಾಗಿ ತೆರೆಯುತ್ತವೆ. ಪೂರ್ತಿ ತುಂಬಿದರೆ ಕಾಳಿನ ಒತ್ತಡಕ್ಕೆ ಬಾಗಿಲು ತೆರೆಯಲು ಬಾರದು. ಅದು ಎಂದೂ ಪೂರ್ತಿ ತುಂಬಲಿಲ್ಲ.

ಸಂಜೆ ಕಚೇರಿ ಮುಗಿಸಿ ಎಷ್ಟೋ ದಿನ ಅಲ್ಲಿಗೆ ಹೋಗಿ ಕುಳಿತಿದ್ದೇನೆ. ಕೆಲಸಕ್ಕೆ ಬಾರದೆ ಹೋದ ಉಗ್ರಾಣವನ್ನು ಊರಿನವರು ಇಷ್ಟು ಪ್ರೀತಿಯಿಂದ ಏಕೆ ನೋಡುತ್ತಾರೆ ಎಂದು ಯೋಚಿಸಿದ್ದೇನೆ. ಅದನ್ನು ಕಂಡ ಕೂಡಲೇ ಹಸಿವು, ಅನ್ನ, ಕಣಜ ಎಂಬುದು ಯಾರಿಗೂ ಹೇಳಿಕೊಡದೆ ಅರ್ಥವಾಗುತ್ತದೆ. ನಮ್ಮ ಬ್ಯಾಂಕಿನ ಕಟ್ಟಡ ನೋಡಿದರೆ ಒಳಗೆ ಏನಿದೆ ಎಂದು ಫಲಕ ಓದಬೇಕು.

ನೇರಮಾತು

ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆಕಾರಕ್ಕೆ ತಲೆಬಾಗಿದ ಮೇಲೆ ಬಾಗಿಲು ಯಾವ ಕಡೆ ತೆರೆಯಬೇಕು ಎಂಬುದು ಮರೆತುಹೋಯಿತು. ಹಸಿದವರ ಉಗ್ರಾಣದಲ್ಲಿ ಅಂಥ ಮರೆವು ಸಣ್ಣದಲ್ಲ.

ಗಂಗಾತೀರದ ಬ್ಯಾಂಕು

ಬಾಗಿಲಿನ ತಪ್ಪನ್ನು ನಾನೂ ಸಣ್ಣದೆನ್ನುವುದಿಲ್ಲ. ಆದರೆ ಅದು ಬಾಗಿಲಿನ ತಪ್ಪು, ಆಕಾರದ್ದಲ್ಲ. ಕಾಳು ಸುತ್ತಲೂ ಒತ್ತುವುದು ಒಂದೇ ಸಮನಾಗಿ. ಆ ಒತ್ತಡವನ್ನು ಮೂಲೆಯಿಲ್ಲದ ದುಂಡು ಗೋಡೆ ತಡೆಯುವಂತೆ ಚೌಕದ ಗೋಡೆ ತಡೆಯುವುದಿಲ್ಲ. ನಮ್ಮ ಹಳ್ಳಿಯ ಕಣಜ, ಹಗೇವು ದುಂಡಗಿದ್ದದ್ದೂ ಸುಮ್ಮನೆ ಅಲ್ಲ. ಎರಡು ಶತಮಾನ ದಾಟಿದರೂ ಅದು ನಿಂತಿದೆ.

ಗುಮ್ಮಟದ ನೆರಳು

ವಿಜಯಪುರದವನು ಸುಮ್ಮನಿದ್ದರೆ ಹೇಗೆ? ಗೋಲಗುಮ್ಮಟ ನೋಡಿ ಬಂದವರೆಲ್ಲ ಪಿಸುಗುಟ್ಟುವ ಮೊಗಸಾಲೆಯ ಪ್ರತಿಧ್ವನಿಯ ಬಗ್ಗೆ ಮಾತನಾಡುತ್ತಾರೆ. ಮೂಲೆಗಳನ್ನು ಯಾರೂ ನೋಡುವುದಿಲ್ಲ.

ಒಳಗಿನ ಅಂಗಳ ಸುಮಾರು 41 ಮೀಟರಿನ ಚೌಕ. ಅದರ ಮೇಲೆ ಕೂರಬೇಕಾದದ್ದು ದುಂಡನೆಯ ಗುಮ್ಮಟ, ಹೊರಗಿನ ವ್ಯಾಸ 44 ಮೀಟರ್. ಚೌಕಕ್ಕೆ ನಾಲ್ಕು ಮೂಲೆ, ದುಂಡಿಗೆ ಒಂದೂ ಇಲ್ಲ. ಆ ನಾಲ್ಕು ಮೂಲೆಗಳನ್ನು ಏನು ಮಾಡುವುದು? ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ರೇಖೆಯಲ್ಲಿ ಎಂಟು ಕಮಾನುಗಳನ್ನು ಎಬ್ಬಿಸಿದರು. ಕಮಾನುಗಳು ಒಂದನ್ನೊಂದು ಹಾಯ್ದು ನಕ್ಷತ್ರದಂತೆ ಹೆಣೆದುಕೊಂಡು, ಮೂಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ನುಂಗುತ್ತಾ ಮೇಲೆ ದುಂಡಗಾಗುತ್ತವೆ. ಗುಮ್ಮಟದ ಹೊರದೂಡುವ ಭಾರಕ್ಕೆ ಎದುರಾಗಿ ಅವು ಒಳಕ್ಕೆ ಎಳೆದು ಹಿಡಿದಿವೆ. 1656ರಲ್ಲಿ ತೀರಿಕೊಂಡ ಸುಲ್ತಾನ ಮುಹಮ್ಮದ್ ಆದಿಲ್‌ಶಾಹನ ಸಮಾಧಿ ಅದು, ಆದರೆ ನನಗೆ ಅಲ್ಲಿ ನೆನಪಾಗುವುದು ಆ ಮೂಲೆಗಳ ಮುಂದೆ ನಿಂತು ಯೋಚಿಸಿದ ಕೆಲಸಗಾರರು.

ನೀವೆಲ್ಲ ಹೇಳುತ್ತಿರುವ ಕಟ್ಟಡಗಳಲ್ಲಿ ಸಾಮಾನ್ಯವಾದದ್ದು ಇದೇ ಅಲ್ಲವೇ? ಎಲ್ಲೆಡೆಯೂ ಒಂದು ಒಪ್ಪದ ಮೂಲೆ ಇದೆ. ಯಾರೋ ಅದನ್ನು ಮುಚ್ಚಿಡದೆ ಬಗೆಹರಿಸಿದ್ದಾರೆ. ಬಗೆಹರಿಸಿದ್ದು ನಮ್ಮ ಕಣ್ಣಿಗೆ ಕಾಣುತ್ತದೆ.

ಪುಟವಿನ್ಯಾಸ

ಇದನ್ನು ಒಪ್ಪುತ್ತೇನೆ. ಹಾಗೆಂದ ಕೂಡಲೇ ಜೈಪುರದ ಹವಾ ಮಹಲ್ ನೆನಪಾಯಿತು. 1799ರದು, 953 ಕಿಟಕಿ. ಎದುರಿನಿಂದ ಅರಮನೆಯಂತೆ ಕಾಣುತ್ತದೆ, ಎದುರಿನಲ್ಲಿ ಬಾಗಿಲೇ ಇಲ್ಲ. ಒಳಗೆ ಹೋದರೆ ಮೇಲಿನ ಮೂರು ಅಂತಸ್ತು ಒಂದೇ ಕೋಣೆಯಷ್ಟು ತೆಳು. ರಾಣಿವಾಸದ ಹೆಂಗಸರು ಬೀದಿಯ ಮೆರವಣಿಗೆಯನ್ನು ನೋಡಬೇಕು, ಬೀದಿಗೆ ತಾವು ಕಾಣಬಾರದು. ಆ ಕಟ್ಟಳೆಯೇ ಅಲ್ಲಿನ ಒಪ್ಪದ ಮೂಲೆ. ಚೆಂದ ಎಂದು ನಾವು ಫೋಟೊ ತೆಗೆಯುವ ಒಂದೊಂದು ಕಿಟಕಿಯ ಹಿಂದೆಯೂ ಹೊರಗೆ ಬರಲಾಗದವರು ನಿಂತಿದ್ದರು. ನಾನು ಅಲ್ಲಿ ಬಹಳ ಹೊತ್ತು ಇರಲಾರದೆ ಹೋದೆ.

ಬೆಳ್ಳಿತೆರೆ ಕ್ಯಾಮೆರಾ

ಫ್ಲಾಟ್‌ಐರನ್ ಮೊದಲ ದಿನದಿಂದಲೇ ಎಲ್ಲರ ಪ್ರೀತಿ ಗಳಿಸಿತ್ತು ಎಂದು ಯಾರಾದರೂ ತಿಳಿದಿದ್ದರೆ ತಪ್ಪು. ಅದನ್ನು ನೋಡುವ ಕಣ್ಣನ್ನು ಕೊಟ್ಟವರು ಇಬ್ಬರು ಛಾಯಾಗ್ರಾಹಕರು. ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ 1903ರಲ್ಲಿ ಹಿಮ ಬಿದ್ದ ದಿನ ತೆಗೆದರು. ಮುಂದೆ ಕವಲೊಡೆದ ಒಂದು ಮರ, ಹಿಂದೆ ಮಸುಕಾಗಿ ಕಟ್ಟಡ. ದೊಡ್ಡ ಹಡಗಿನ ಮೂತಿ ತಮ್ಮ ಕಡೆಗೆ ಬರುತ್ತಿರುವಂತೆ ಅವರಿಗೆ ಕಂಡಿತ್ತು. ಅವರ ತಂದೆಗೆ ಆ ಕಟ್ಟಡ ಕಂಡರೆ ಆಗುತ್ತಿರಲಿಲ್ಲ. 1904ರಲ್ಲಿ ಎಡ್ವರ್ಡ್ ಸ್ಟೈಕನ್ ತೆಗೆದದ್ದು ಸಂಜೆಯ ಚಿತ್ರ. ತೊಯ್ದ ರಸ್ತೆ, ಗಾಡಿ ಹೊಡೆಯುವವರ ಟೋಪಿ, ಅಡ್ಡ ಚಾಚಿದ ಕೊಂಬೆ, ನೀಲಿ ಹಸಿರು ಛಾಯೆ.

ಇಬ್ಬರೂ ಮರವನ್ನು ಮುಂದಿಟ್ಟರು. ಸ್ಟೀಗ್ಲಿಟ್ಸರ ಚಿತ್ರದಲ್ಲಿ ಮರ ಎರಡಾಗಿ ಸೀಳಿದ ಕವಲಿನ ಹತ್ತಿರವೇ ಬೀದಿ ಎರಡಾಗಿ ಸೀಳಿದ ಕಟ್ಟಡ. ನಾನು ಆ ಚಿತ್ರವನ್ನು ಮುದ್ರಿಸಿ ಕೆಲಸದ ಮೇಜಿನ ಮೇಲೆ ಇಟ್ಟುಕೊಂಡು ಹದಿನಾಲ್ಕು ವರ್ಷವಾಯಿತು.

ಹಡ್ಸನ್ ದಂಡೆ

ಇಷ್ಟು ಬರೆದಿರಿ, ಎಲ್ಲರಿಗೂ ಕೃತಜ್ಞತೆ. ಕಟ್ಟಡದ ಈಗಿನ ಸ್ಥಿತಿಯನ್ನೂ ಹೇಳಿಬಿಡುತ್ತೇನೆ: ಹಲವು ಮಾಲೀಕರ ನಡುವೆ ವ್ಯಾಜ್ಯವಾಗಿ 2023ರಲ್ಲಿ ಹರಾಜಿಗೆ ಬಂತು. ಮಾರ್ಚ್‌ನಲ್ಲಿ 19 ಕೋಟಿ ಡಾಲರ್ ಕೂಗಿದವರು ಮುಂಗಡ ಕಟ್ಟಲಿಲ್ಲ. ಮೇ ತಿಂಗಳ ಮರುಹರಾಜಿನಲ್ಲಿ 16.1 ಕೋಟಿ ಡಾಲರ್‌ಗೆ ಹೋಯಿತು. 1966ರಿಂದ ನಗರದ ಸಂರಕ್ಷಿತ ಕಟ್ಟಡವಾಗಿರುವುದರಿಂದ ಹೊರಮೈಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ.

ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ನೀವೆಲ್ಲ ಬರೆದದ್ದನ್ನು ಓದಿ ಹೇಳಿದೆ. ಕಾಲುದಾರಿಯ ಸಂಗತಿ ಬಂದಾಗ ಇನ್ನೊಮ್ಮೆ ಓದು ಎಂದರು. ಆಮೇಲೆ, ಅಂದು ಏಕೆ ಅಲ್ಲಿ ನಿಂತಿರಿ ಎಂದು ಕೇಳಿದೆ. ಇಷ್ಟು ವರ್ಷ ನಾನು ಕೇಳಿರಲೇ ಇಲ್ಲ.

ಅರಕಲಗೂಡು ಕಡೆಯ ಹಳ್ಳಿಯಲ್ಲಿ ಅವರ ತವರುಮನೆ ಎರಡು ಗಾಡಿದಾರಿ ಕವಲೊಡೆಯುವ ಕಡೆ ಇತ್ತಂತೆ. ಹಿಂದೆ ಅಗಲ, ಮುಂದೆ ಬರುತ್ತಾ ಬರುತ್ತಾ ಕಿರಿದು. ಊರಿನಲ್ಲಿ ಅದನ್ನು ಮೂಗಿನ ಮನೆ ಎನ್ನುತ್ತಿದ್ದರಂತೆ. ಮುಂದಿನ ಚೂಪಿನಲ್ಲಿ ಇಬ್ಬರು ಕೂರುವಷ್ಟು ಜಗಲಿ, ಅದರ ಹಿಂದೆ ತಾತನ ದಿನಸಿ ಅಂಗಡಿ. ಕತ್ತಲಾದ ಮೇಲೆ ತಾತ ಜಗಲಿಯ ಮೇಲೆ ಒಂದು ಲಾಂದ್ರ ಇಡುತ್ತಿದ್ದರು. ಯಾವ ದಾರಿಯಲ್ಲಿ ಬರುವವರಿಗೂ ಅದು ಕಾಣುತ್ತಿತ್ತು. ಸಂತೆಗೆ ಹೋದ ಅಣ್ಣಂದಿರು ಯಾವ ದಾರಿಯಿಂದ ಬರುತ್ತಾರೋ ತಿಳಿಯದೆ ಅಮ್ಮ ಅಲ್ಲಿ ಕುಳಿತು ಎರಡೂ ಕಡೆ ನೋಡುತ್ತಿದ್ದರು. ರಸ್ತೆ ಅಗಲ ಮಾಡಿದಾಗ ಮೊದಲು ಹೋದದ್ದು ಆ ಜಗಲಿ. ಆಗ ನಾನಿನ್ನೂ ಹುಟ್ಟಿರಲಿಲ್ಲ.

"ಅದನ್ನು ಅಷ್ಟು ದೊಡ್ಡದಾಗಿ ಯಾರೋ ಕಟ್ಟಿ ಇಟ್ಟಿದ್ದಾರೆ ಅನ್ನಿಸಿತು" ಎಂದರು.

ನೇರಮಾತು

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಒಳಗಿನವರು, ಹೊರಗಿನವರು ಎಂದು ನಾನು ಬೇರೆ ಬೇರೆ ಮಾಡಿ ಮಾತನಾಡಿದ್ದೆ. ಆ ಜಗಲಿಯಲ್ಲಿ ಕುಳಿತವರು ಯಾವ ಲೆಕ್ಕಕ್ಕೆ ಸೇರುತ್ತಾರೆ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಮಂಚದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮೂಲೆಮಟ್ಟ

ಸೋಮವಾರ ಆ 900 ಚದರ ಅಡಿಯ ಮಾಲೀಕರು ನಕ್ಷೆ ನೋಡಲು ಬರುತ್ತಾರೆ. ಇವತ್ತು ಕುಳಿತು ಹೊಸದಾಗಿ ಬರೆದೆ. ಮಲಗುವ ಕೋಣೆಗಳು ಹಿಂದಿನ ಅಗಲದ ಭಾಗಕ್ಕೆ ಹೋದವು, ಅಲ್ಲಿ ಗೋಡೆ ನೇರ, ಮಂಚ ಹಿಡಿಯುತ್ತದೆ. ಮುಂದಿನ ಚೂಪಿಗೆ ಕಾಂಪೌಂಡ್ ಗೋಡೆ ಹಾಕಿಲ್ಲ. ಇಬ್ಬರು ಕೂರುವಷ್ಟು ಒಂದು ಜಗಲಿ, ಮೇಲೆ ಒಂದು ದೀಪಕ್ಕೆ ಜಾಗ ಬಿಟ್ಟಿದ್ದೇನೆ. ಒಂದು ಮಾತು ಕೇಳಬೇಕಿತ್ತು: ನಿಮ್ಮ ತಾತನ ಜಗಲಿ ನೆಲದಿಂದ ಎಷ್ಟು ಎತ್ತರ ಇತ್ತು ಎಂದು ತಾಯಿಯವರಿಗೆ ನೆನಪಿದೆಯೇ?

ಹಡ್ಸನ್ ದಂಡೆ

ಕೇಳಿದೆ. ಕುಳಿತರೆ ಎಂಟು ವರ್ಷದ ಹುಡುಗಿಯ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲವಂತೆ.